ಹೆಸರು ಹೇಳದೆ ನುಡಿಸಿದ್ದು

ಅವಳು ಕೊಳಲನ್ನು ಅವನ ತುಟಿಯಿಂದ ಕೆಳಗೆಳೆದಳು. ಹಾಡು ಅರ್ಧದಲ್ಲೇ ಉಸಿರು ಕಟ್ಟಿ ನಿಂತಿತು. ದೋಣಿಕಟ್ಟೆಯ ಮೆಟ್ಟಿಲ ಮೇಲೆ ಕೂತಿದ್ದ ಏಳೆಂಟು ಜನ ಒಟ್ಟಿಗೆ ತಿರುಗಿ ನೋಡಿದರು.

“ಯಾರದ್ದು ಇದು?” ಎಂದಳು.

ಕೊಳಲಿನವನು ದಪ್ಪ ಮನುಷ್ಯ. ಬೆವರು ಒರೆಸಿಕೊಳ್ಳುವುದೋ ಕೊಳಲು ಬಿಡಿಸಿಕೊಳ್ಳುವುದೋ ತಿಳಿಯದೆ ಎರಡನ್ನೂ ಅರ್ಧರ್ಧ ಮಾಡಿದ. “ಏನಮ್ಮಾ ಇದು, ತಿನ್ನೋ ಬಾಯಿಂದ ತುತ್ತು ಕಿತ್ಕೊಂಡ ಹಾಗೆ?”

“ಯಾರದ್ದು ಅಂತ ಕೇಳಿದೆ. ನೀವು ಹೆಸರು ಹೇಳದೆ ಶುರು ಮಾಡಿದ್ರಿ.”

“ಹೇಳೋ ಹಾಗಿಲ್ಲ ತಂಗಿ. ಕೊಟ್ಟವಳು ತೀರ್ಕೊಂಡಿದಾಳೆ. ವರ್ಷ ತುಂಬಿಲ್ಲ.”

ಆ ಹೊಳೆಯ ಎರಡೂ ದಂಡೆಗಳಲ್ಲಿ, ಮೇಲಿನ ಕಣಿವೆಗಳಲ್ಲಿ ಅಲೆಯುವ ವಾದ್ಯದವರೆಲ್ಲ ಪಾಲಿಸುವ ರೂಢಿ ಅದು. ಹಾಡು ಯಾರಿಂದ ಬಂತೋ ಅವರನ್ನು ಹೇಳಿಯೇ ನುಡಿಸಬೇಕು. ಇದು ಮೇಲಿನ ಕಣಿವೆಯ ಕುಂಬಾರನದು, ಇದು ಜೇನು ಬಿಡಿಸುವವನ ಹೆಂಡತಿ ಕೊಟ್ಟದ್ದು, ಹೀಗೆ. ಹೆಸರೆಂದರೆ ಮನೆಯವರು ಇಟ್ಟ ಹೆಸರಲ್ಲ; ಕಸುಬು, ಊರಿನ ದಿಕ್ಕು, ಅಷ್ಟೇ. ಅಷ್ಟರಲ್ಲೇ ಜನ ಒಬ್ಬರನ್ನೊಬ್ಬರು ಬಲ್ಲವರಾಗಿದ್ದರು. ಆ ಕುಂಬಾರನನ್ನು ಕಣ್ಣಿಂದ ಕಾಣದವರೂ ‘ಮನುಷ್ಯ ಸಿಡುಕ, ಆದ್ರೆ ಮನಸ್ಸು ಚೊಕ್ಕ’ ಎಂದು ಖಚಿತವಾಗಿ ಹೇಳುತ್ತಿದ್ದರು. ಕೊಟ್ಟವರು ಸತ್ತರೆ ಮಾತ್ರ ಒಂದು ವರ್ಷ ಆ ಹಾಡಿಗೆ ಹೆಸರಿಲ್ಲ. ಕೂತವರು ಯಾರೂ ತಾಳ ಹಾಕುವುದಿಲ್ಲ, ಕಾಲು ಕುಣಿಸುವುದಿಲ್ಲ. ಹೆಸರು ಬಿಟ್ಟ ಜಾಗದಲ್ಲಿ ಕೇಳುವವರು ತಂತಮ್ಮ ಸತ್ತವರನ್ನು ಕೂರಿಸಿಕೊಳ್ಳುತ್ತಾರೆ.

“ಯಾರು ಅಂತ ನನ್ನ ಕಿವೀಲಿ ಹೇಳಿ,” ಎಂದಳು.

ಕೊಳಲಿನವನು ಬಗ್ಗಿದ. “ಇದೇ ದಂಡೇಲಿ ಟಾರ್ಪಾಲು, ದೋಣಿ ಹೊದಿಕೆ ಹೊಲೀತಿದ್ಲಂತೆ. ಜ್ವರ ಬಂತಲ್ಲ, ಅದರಲ್ಲಿ ಹೋದ್ಲು. ನಂಗೆ ಪಿಟೀಲಿನವನು ಕಲಿಸಿದ್ದು. ಅವನು ನುಡಿಸೋದನ್ನ ನೀನು ಕೇಳಬೇಕು. ಊರಿಗೆ ಊರೇ ಕೂತು ಅಳತ್ತೆ. ಅವಳಂದ್ರೆ ಅಷ್ಟು ಜೀವ ಇತ್ತು ಅವನಿಗೆ.”

ದೋಣಿಗೆ ಹಗ್ಗ ಬಿಗಿಯುತ್ತಿದ್ದ ದೋಣಿಯಣ್ಣ ಕಿವಿ ಚುರುಕಿನವನು. ತಲೆಯೆತ್ತದೆ ಹೇಳಿದ: “ಸತ್ತವಳು ಇವಳೇ. ಬೆಳಿಗ್ಗೆ ತಾನೆ ನನ್ನ ಹತ್ರ ಜಗಳ ಆಡಿ ಹೋಗಿದ್ಲು.”

ಕೊಳಲಿನವನು ಮೆಲ್ಲಗೆ ಮೆಟ್ಟಿಲ ಮೇಲೆ ಕೂತ. ಅವಳ ಅಂಗೈಗೆ ಕಟ್ಟಿದ ಚರ್ಮದ ಪಟ್ಟಿ, ದಪ್ಪ ಸೂಜಿ ಒತ್ತಿ ಒತ್ತಿ ನಡುವೆ ಕುಳಿ ಬಿದ್ದಿದ್ದು, ಅದನ್ನು ನೋಡಿದ. ಆಮೇಲೆ ಮುಖ ನೋಡಿದ.

“ಹೋಗಿದ್ದು ನನ್ನ ಚಿಕ್ಕಮ್ಮ,” ಎಂದಳು. “ಅಂಗಡೀಲಿ ಇಬ್ಬರಿದ್ವಿ.”

“ಅಯ್ಯೋ ದೇವರೇ. ಪಾಪ ಅವನು.” ಕೊಳಲನ್ನು ಸೊಂಟಕ್ಕೆ ಸಿಕ್ಕಿಸಿ ಆಗಲೇ ಎದ್ದ. “ಇವತ್ತೇ ಹೊರಡ್ತೀನಿ ತಂಗಿ. ಮೇಲಿನ ಕಣಿವೇಲಿದಾನೆ, ನಾಲ್ಕು ದಿನದ ದಾರಿ. ಬಾಗಿಲಿಗೆ ಬಂದು ನಿಲ್ತಾನೆ ನೋಡು, ಹುಚ್ಚು ಹಿಡಿದ ಹಾಗೆ.”

ನಾಲ್ಕು ದಿನ ಹೋಗಲಿಕ್ಕೆ, ನಾಲ್ಕು ದಿನ ಬರಲಿಕ್ಕೆ. ಹೊತ್ತು ಹೋಗದವರು ಮಾಡುವ ಲೆಕ್ಕ ಎಂದು ತನ್ನನ್ನು ತಾನೇ ಬೈದುಕೊಂಡರೂ ಅವಳು ಬೆರಳು ಮಡಿಸಿದಳು.

ನಾಲ್ಕು ವರ್ಷದ ಹಿಂದೆ, ಜೊಂಡು ಕೊಯ್ಯುವ ಕಾಲದಲ್ಲಿ, ಪಿಟೀಲಿನವನು ಮೊದಲ ಸಲ ಅಂಗಡಿಗೆ ಬಂದಾಗ ಅವಳ ಬಾಯಲ್ಲಿ ಐದು ಗುಂಡುಸೂಜಿಗಳಿದ್ದವು.

“ಪಿಟೀಲಿನ ಚೀಲ. ಜಿಪ್ಪು ಹೋಗಿದೆ,” ಎಂದ.

“ಹ್ಞೂಂ.”

“ಯಾವಾಗ ಕೊಡ್ತೀರಿ?”

ಎರಡು ಬೆರಳು ತೋರಿಸಿದಳು.

“ಎರಡು ಗಂಟೆನಾ, ಎರಡು ದಿನಾನಾ, ಎರಡು ವರ್ಷಾನಾ?”

ಬಾಯಲ್ಲಿ ಸೂಜಿಯಿದ್ದಾಗ ನಗಬಾರದು. ನಕ್ಕರೆ ತುಟಿ ಚುಚ್ಚುತ್ತದೆ. ಅವಳು ಮುಖ ಗಂಟು ಹಾಕಿಕೊಂಡು ಪೆಡಲು ತುಳಿದಳು. ಅವನು ಹೋಗಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಂತ.

ಆ ಮಶೀನಿನ ಬೆಲ್ಟು ಹಳೆಯದು, ಮೂರು ಸುತ್ತಿಗೊಮ್ಮೆ ಜಾರುತ್ತಿತ್ತು. ಸೂಜಿ ಕಚ್ಚಿಕೊಂಡು ಹಾಡಲಿಕ್ಕಾಗದು; ಅವಳು ಮೂಗಿನಲ್ಲೇ ಗುನುಗುತ್ತಿದ್ದಳು. ಬೆಲ್ಟು ಜಾರಿದಲ್ಲಿ ಗುನುಗೂ ಜಾರಿ, ಒಂದು ಕ್ಷಣ ಗಾಳಿಯಲ್ಲಿ ನಿಂತು, ಮತ್ತೆ ಹತ್ತಿಕೊಳ್ಳುತ್ತಿತ್ತು. ಅವನ ನೋಟ ಪೆಡಲಿನ ಮೇಲಿದ್ದ ಅವಳ ಕಾಲಿನ ಮೇಲೆ ನೆಟ್ಟಿತ್ತು. ಅವಳು ಸೂಜಿಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿದಳು.

“ಏನು ನೋಡ್ತಿದೀರಿ?”

“ತಾಳ.”

“ತಾಳಕ್ಕೆ ಹೆಬ್ಬೆರಳು ಇರತ್ತಾ?”

ಒಳಗೆ ಬಟ್ಟೆ ಕತ್ತರಿಸುತ್ತಿದ್ದ ಚಿಕ್ಕಮ್ಮನ ಕತ್ತರಿ ನಿಂತಿತು. ನಗು ಕೇಳಿಸಿತು.

ಅವನ ಕಿವಿ ಕೆಂಪಾಯಿತು. “ಅಲ್ಲಿ ಎಡವಿದ್ರಲ್ಲ, ಅದು ಬೇಕಂತಲೇನಾ?”

“ಬೆಲ್ಟು ಜಾರತ್ತೆ.”

“ದಯವಿಟ್ಟು ಬದಲಾಯಿಸಬೇಡಿ.”

ಎರಡನೇ ದಿನ ಚೀಲ ತೆಗೆದುಕೊಂಡ. ಮೂರನೇ ದಿನ ಕೆಲಸವಿಲ್ಲದೆ ಬಂದ. ಪಿಟೀಲು ತೆಗೆದು ಆ ಗುನುಗನ್ನು ನುಡಿಸಿದ. ಬೆಲ್ಟು ಜಾರುವ ಜಾಗಕ್ಕೆ ಬಂದಾಗ ಬಿಲ್ಲನ್ನು ಎತ್ತಿ, ಹುಬ್ಬನ್ನೂ ಎತ್ತಿ, ಅವಳನ್ನು ನೋಡಿ, ಮತ್ತೆ ಇಳಿಸಿದ. ಬೀದಿಯಲ್ಲಿ ಹೋಗುತ್ತಿದ್ದ ಮಕ್ಕಳು ಸರಿಯಾಗಿ ಆ ಜಾಗದಲ್ಲಿ ಜಿಗಿದರು. ತನ್ನ ಮೂಗಿನಿಂದ ಇಂಥದ್ದೊಂದು ಹೊರಟಿತ್ತೆಂದು ಅವಳಿಗೆ ನಂಬಿಕೆ ಬರಲಿಲ್ಲ.

“ಇದನ್ನ ನಂಗೆ ಕೊಡ್ತೀರಾ?” ಎಂದು ಕೇಳಿದ. ಕೇಳದೆ ಒಯ್ಯುವಂತಿರಲಿಲ್ಲ.

“ಒಯ್ದು ಏನ್ಮಾಡ್ತೀರಿ?”

“ಹೋದಲ್ಲೆಲ್ಲ ಹೊಳೆದಂಡೆ ಹೊಲಿಗೆಯವಳದು ಅಂತ ಹೇಳಿ ನುಡಿಸ್ತೀನಿ.”

“ನಾನು ಆಚೆ ದಡಕ್ಕೂ ಹೋದವಳಲ್ಲ.”

“ನೀವು ಹೋಗೋಕೆ ಮುಂಚೆ ನಿಮ್ಮ ಹಾಡು ಹೋಗಿರಲಿ. ಹಿಂದಿಂದ ನೀವು ಬನ್ನಿ.”

“ಕೊಟ್ಟುಬಿಡೇ ಮಾರಾಯ್ತಿ,” ಎಂದಳು ಚಿಕ್ಕಮ್ಮ ಒಳಗಿನಿಂದ. “ಇಲ್ಲದಿದ್ರೆ ಬಾಗಿಲಲ್ಲೇ ಬೇರು ಬಿಡ್ತಾನೆ. ಗಿರಾಕಿಗಳು ದಾಟಿಕೊಂಡು ಬರಬೇಕಾಗತ್ತೆ.”

ಕೊಟ್ಟಳು.

ಆಮೇಲೆ ಪ್ರತಿ ವರ್ಷ ಜೊಂಡು ಹಣ್ಣಾಗುವ ಹೊತ್ತಿಗೆ ಇಪ್ಪತ್ತು ದಿನ. ಅವನು, ಡೋಲು ಬಾರಿಸುವ ಅವನ ಅಕ್ಕ, ಇಬ್ಬರೇ. ದೋಣಿ ಕಟ್ಟುವ ಅಂಗಳದ ಶೆಡ್ಡಿನಲ್ಲಿ ಉಳಿಯುತ್ತಿದ್ದರು. ಬೆಳಿಗ್ಗೆ ಅವನು ಮೊಣಕಾಲುದ್ದ ನೀರಿಗಿಳಿದು ಜೊಂಡಿನ ನಡುವೆ ಸುಮ್ಮನೆ ನಿಲ್ಲುತ್ತಿದ್ದ. ನೀರುಕೋಳಿ ಕೂಗಿದ್ದನ್ನು ಮೇಲಿನ ತಂತಿಯಲ್ಲಿ ಹುಡುಕಿ ಹಿಡಿಯುತ್ತಿದ್ದ. “ತಂತಿ ಇಳಿದಿದೆ, ಮಧ್ಯಾಹ್ನ ಮಳೆ,” ಎಂದು ಅಂಗಡಿಗೆ ಬಂದು ಹೇಳುತ್ತಿದ್ದ. ಅವಳು ಒಣಗಲು ಹರವಿದ ಟಾರ್ಪಾಲುಗಳನ್ನು ಬಾಚಿಕೊಂಡು ಒಳಗೆ ತರುವಷ್ಟರಲ್ಲಿ ಮೊದಲ ಹನಿ. ಕೆಲವು ಸಲ ಮಳೆ ಬರುತ್ತಿರಲಿಲ್ಲ. “ಇದು ನಿನ್ನ ಕೈ ಹಿಡಿದು ಓಡಿಸೋಕೆ ಹೇಳಿದ್ದು,” ಎನ್ನುತ್ತಿದ್ದ. ‘ನೀವು’ ಯಾವಾಗ ‘ನೀನು’ ಆಯಿತೆಂದು ಇಬ್ಬರೂ ಗಮನಿಸಲಿಲ್ಲ. ಚಿಕ್ಕಮ್ಮ ಗಮನಿಸಿದ್ದಳು.

ಕೊನೆಯ ಸಲ ಹೊರಡುವಾಗ ಅವನು ಹೇಳಿದ: “ಬರೋ ಸಲ ನೀನೂ. ಹೊಳೆ ಇಳಿದ ಕೂಡಲೇ ಬರ್ತೀನಿ. ಜೊಂಡಿನವರೆಗೂ ಕಾಯೋದಿಲ್ಲ.”

ಅವನು ದಾಟಿ ಹೋದ ಮರುದಿನವೇ ಅವಳು ಒಳ್ಳೆಯ ಕ್ಯಾನ್ವಾಸು ಬಿಚ್ಚಿ ಇಬ್ಬರಿಗಾಗುವ ಗುಡಾರ ಹೊಲಿಯಲು ಕೂತಳು. ಚಿಕ್ಕಮ್ಮ ಅಳತೆ ಪಟ್ಟಿ ಹಿಡಿದು ಯೋಚಿಸಿದಳು. “ಅವನ ಕಾಲು ಉದ್ದ. ಮೂಲೆಯಿಂದ ಮೂಲೆಗೆ ಮಲಗಿಸು. ಉಳಿದ ಜಾಗದಲ್ಲಿ ನೀನು.”

“ಉಳಿದ ಜಾಗ ಅಂದ್ರೆ ಎಷ್ಟು?”

“ಅದು ನಂಗ್ಯಾಕೆ ಗೊತ್ತು? ನಾನು ಮದುವೆ ಆಗಿಲ್ಲವಲ್ಲ.”

ಎರಡು ತಿಂಗಳಿಗೆ ಜ್ವರ ಬಂತು. ದೋಣಿ ನಿಲ್ಲಿಸಿದರು. ಚಿಕ್ಕಮ್ಮ ಆರನೇ ದಿನ ಹೋದಳು. ಮಣ್ಣು ಮಾಡುವಾಗ ನಾಲ್ಕು ಜನ ಇದ್ದರು, ಹಾಡು ಇರಲಿಲ್ಲ. ಹೊಳೆ ಇಳಿಯಿತು. ಅವನು ಬರಲಿಲ್ಲ. ಫೋನು ಇಟ್ಟುಕೊಳ್ಳುವ ಜಾತಿಯವನಲ್ಲ ಅವನು; ಇಟ್ಟುಕೊಂಡಿದ್ದರೂ ಮೇಲಿನ ಕಣಿವೆಗಳಲ್ಲಿ ಅದರಿಂದ ಪ್ರಯೋಜನವಿಲ್ಲ. ಸುದ್ದಿ ತರುವವರೆಂದರೆ ವಾದ್ಯದವರು, ಅವರೂ ಆ ವರ್ಷ ಹೊಳೆ ದಾಟಲಿಲ್ಲ. ಜ್ವರ ಅವನನ್ನೂ ಒಯ್ದಿರಬಹುದು ಎಂಬ ಯೋಚನೆಯನ್ನು ಅವಳು ಎಂಟು ತಿಂಗಳು ಬಾಯಲ್ಲಿ ಸೂಜಿಯ ಹಾಗೆ ಕಚ್ಚಿಕೊಂಡು ಕೆಲಸ ಮಾಡಿದಳು. ಆಮೇಲೆ ಬಂದವನು ಆ ಕೊಳಲಿನವನು.

ಕೊಳಲಿನವನು ಹೊರಟ ಎಂಟನೇ ದಿನ ಗುಡಾರವನ್ನು ಬಿಸಿಲಿಗೆ ಹಾಕಿದಳು. ಹತ್ತನೇ ದಿನ ಮಡಿಸಿ ಒಳಗಿಟ್ಟಳು. ಒಂದು ತಿಂಗಳಾದ ಮೇಲೆ, ಕೊಳಲಿನವನು ದಾರಿಯಲ್ಲಿ ಕಾಲು ಮುರಿದುಕೊಂಡಿರಬೇಕು ಎಂದುಕೊಂಡಳು. ಎರಡು ತಿಂಗಳಾದ ಮೇಲೆ, ಕಾಲು ಮುರಿದರೂ ಬಾಯಿ ಇರುತ್ತದಲ್ಲ ಎಂದುಕೊಂಡಳು. ಮೂರನೇ ತಿಂಗಳು ದೋಣಿಯಣ್ಣ ಬಂದು ಹೊದಿಕೆ ಹರಿದಿದೆ, ಗಟ್ಟಿ ಬಟ್ಟೆ ಇದೆಯಾ ಎಂದು ಕೇಳಿದ. ಗುಡಾರವನ್ನು ನೆಲದ ಮೇಲೆ ಹರವಿ, ನಡುವೆ ಬಳಪದ ಗೆರೆ ಎಳೆದು, ಕತ್ತರಿಸಿದಳು.

ಹಾಗಾಗಿ ನಾಲ್ಕನೇ ತಿಂಗಳು ಅವನು ಹೊಳೆ ದಾಟಿದ್ದು ಅದೇ ಬಟ್ಟೆಯ ನೆರಳಿನಲ್ಲಿ ಕೂತು.

“ಹೊಸ ಹೊದಿಕೆ ಚೆನ್ನಾಗಿದೆ ಅಂದ,” ಎಂದು ದೋಣಿಯಣ್ಣ ಆಮೇಲೆ ಹೇಳಿದ. “ನಾನು ಬಾಯಿ ಬಿಡಲಿಲ್ಲ.”

ಅವಳು ತಲೆಯೆತ್ತಿದಾಗ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಸಣಕಲಾಗಿದ್ದ. ಕಿವಿಯ ಮೇಲೆ ನಾಲ್ಕೈದು ಬಿಳಿ ಕೂದಲು. ಎಡಗೈ ಬೆರಳ ತುದಿಗಳನ್ನು ಹೆಬ್ಬೆರಳಿಗೆ ಒಂದೊಂದಾಗಿ ಒತ್ತುತ್ತಿದ್ದ; ಹೆದರಿದಾಗ ಹಾಗೆ ಮಾಡುತ್ತಾನೆ. ಆ ಬೆರಳುಗಳನ್ನು ನೋಡಿದೊಡನೆ ಅವಳೊಳಗೆ ನಾಲ್ಕು ತಿಂಗಳಿಂದ ಬಿಗಿದಿದ್ದ ಗಂಟು ತನಗೆ ತಾನೇ ಸಡಿಲವಾಯಿತು. ಅದಕ್ಕೆ ಅವಳಿಗೆ ಸಿಟ್ಟು ಬಂತು.

“ಬದುಕಿದೀಯ,” ಎಂದ.

“ಹೌದು. ನಿನ್ನ ಅಭ್ಯಂತರ ಇಲ್ಲದಿದ್ರೆ.”

“ಹೋದ ವಾರ ಗೊತ್ತಾಯ್ತು. ಗೊತ್ತಾದವನೇ ಹೊರಟೆ. ಅಕ್ಕನ್ನ ಕೇಳು, ಎರಡು ದಿನ ಊಟಕ್ಕೂ ಕೂರಲಿಲ್ಲ.”

ಹೋದ ವಾರ. ಹಾಗಾದರೆ ಕೊಳಲಿನವನು ಮುಟ್ಟಲಿಲ್ಲ. ದಾರಿಯಲ್ಲಿ ಏನೋ ಆಗಿದೆ, ಪಾಪ. ಅವಳು ಪಾಪ ಅನ್ನುತ್ತಲೇ ಮನಸ್ಸಿನಲ್ಲಿ ನಕ್ಕಳು, ಆ ದಪ್ಪ ಮನುಷ್ಯನ ಮುರಿದ ಕಾಲಿಗೆ ಕೈ ಮುಗಿಯಬೇಕೆನಿಸಿತು.

“ಯಾವ ಹೆಂಗಸು ಸತ್ತಿದ್ದು ಅಂತ ಕೇಳಲಿಲ್ವಾ, ಸುದ್ದಿ ತಂದವನನ್ನ?”

“ಹೊಲಿಗೆ ಅಂಗಡಿಯವಳು ಅಂದ. ನಂಗೆ ಆ ಅಂಗಡೀಲಿ ಇನ್ಯಾರು ಕಾಣ್ತಿದ್ರು ಹೇಳು?”

ಮುದ್ದಾದ ಮಾತು. ಚಿಕ್ಕಮ್ಮ ಅವನಿಗೆ ಮೂರು ವರ್ಷ ಅಂಗಿಯ ಗುಂಡಿ ಹಾಕಿಕೊಟ್ಟಿದ್ದಳು. ಅವಳು ಅದನ್ನು ನೆನಪಿಸಲಿಲ್ಲ. ಮುದ್ದಾದ ಮಾತು ಕೇಳಿ ಬಹಳ ದಿನವಾಗಿತ್ತು.

“ಬಂದು ನೋಡಬಹುದಿತ್ತು. ನಾಲ್ಕು ದಿನದ ದಾರಿ.”

“ಹೊರಟಿದ್ದೆ. ಒಂದು ದಿನ ನಡೆದೆ. ಬಂದು ನೋಡಿದ್ರೆ ನಿಜ ಆಗಿಬಿಡತ್ತೆ ಅನ್ನಿಸ್ತು. ವಾಪಸ್ ಹೋದೆ.” ಅವನು ಒಳಗೆ ಬಂದು ಅವಳೆದುರು ಮಂಡಿಯೂರಿದ, ಪೆಡಲಿನ ಹತ್ತಿರ. “ನನ್ನ ಹೇಡಿ ಅನ್ನು. ಅಂದುಬಿಡು.”

“ಹೇಡಿ.”

“ಇನ್ನೊಂದು ಸಲ.”

“ಹೇಡಿ. ಕಾಲು ನೋಡಬೇಡ.”

“ತಾಳ ನೋಡ್ತಿದೀನಿ.”

ಅವಳು ನಕ್ಕಳು. ಬಾಯಲ್ಲಿ ಸೂಜಿ ಇರಲಿಲ್ಲ, ಆದರೂ ಎಲ್ಲೋ ಚುಚ್ಚಿತು. ಅವನ ಕೂದಲಲ್ಲಿ ಹೊಗೆಯ, ಒದ್ದೆ ಉಣ್ಣೆಯ ವಾಸನೆ. ಆ ವಾಸನೆಯ ಮೇಲೆ ಕೈಯಿಟ್ಟಳು. ಗುಡಾರ ಇನ್ನೊಂದು ಹೊಲಿಯಬಹುದು, ಒಳ್ಳೆಯ ಕ್ಯಾನ್ವಾಸು ಎಂಟು ಗಜ ಉಳಿದಿದೆ ಎಂದು ಲೆಕ್ಕ ಹಾಕಿದಳು.

“ಸಂಜೆ ಅಂಗಳದಲ್ಲಿ ನುಡಿಸ್ತೀನಿ,” ಎಂದ ಅವನು, ಎದ್ದು ಮಂಡಿ ಕೊಡವಿಕೊಳ್ಳುತ್ತ. “ಬರ್ತೀಯಲ್ಲ? ನಿನ್ನ ಹತ್ರ ಒಂದು ಕೇಳೋದಿದೆ. ಎಲ್ಲರೆದುರಿಗೆ.”

ಮಧ್ಯಾಹ್ನ ಅವನ ಅಕ್ಕ ಬಂದಳು, ಜೊತೆಗೊಬ್ಬ ಮುದುಕಿಯನ್ನು ಕರೆದುಕೊಂಡು. ಡೋಲು ಹೊತ್ತು ಹೊತ್ತು ಅಕ್ಕನ ಒಂದು ಭುಜ ಇಳಿದುಹೋಗಿತ್ತು. ಮುದುಕಿಯ ಚೀಲದ ಪಟ್ಟಿ ಕಿತ್ತುಹೋಗಿತ್ತು.

“ಇವರು ಸುಣ್ಣದ ಗೂಡಿನ ಅಜ್ಜಿ,” ಎಂದಳು ಅಕ್ಕ. “ಮೇಲಿನ ಕಣಿವೆಯಿಂದ ನಮ್ಮ ಹಿಂದೇನೇ ಬಂದಿದಾರೆ. ಮೂರು ಊರಾಯ್ತು.”

“ನಾನೇನು ಇವರ ಹಿಂದೆ ಬಂದಿಲ್ಲ,” ಎಂದಳು ಅಜ್ಜಿ, ಸ್ಟೂಲಿನ ಮೇಲೆ ಕೂರುತ್ತ. “ಆ ಹಾಡಿನ ಹಿಂದೆ ಬಂದಿದೀನಿ. ನೀನು ಕೇಳಿದೀಯೇನಮ್ಮಾ, ಹೆಸರಿಲ್ಲದ್ದು?”

ಅವಳು ಚೀಲವನ್ನು ಸೂಜಿಯ ಕೆಳಗೆ ಸರಿಸಿದಳು. “ಸ್ವಲ್ಪ ಕೇಳಿದೀನಿ.”

“ನಮ್ಮನೆಯವರು ಹೋದಾಗ ನಂಗೆ ಅಳು ಬರಲಿಲ್ಲ ನೋಡು. ನಲವತ್ತು ವರ್ಷ ಬೈದಿದ್ದೇ ಬಂತು. ಸೊಸೆಯಂದಿರು ನನ್ನ ಮುಖ ನೋಡೋದು, ನಾನು ಅವರ ಮುಖ ನೋಡೋದು. ಆಮೇಲೆ ಇವನು ಬಂದು ಇದನ್ನ ನುಡಿಸಿದ. ನಡುವೆ ಒಂದು ಕಡೆ ಬಿಲ್ಲು ನಿಲ್ಲತ್ತೆ. ಬಿಕ್ಕಳಿಸಿದ ಹಾಗೆ. ಅಲ್ಲಿ, ಕೂತಿದ್ದ ಕಡೆಯಿಂದ ನಮ್ಮ ಮುದುಕ ಎದ್ದುಬಂದ. ಸುಣ್ಣ ಮೆತ್ತಿದ ಹುಬ್ಬು ಸಮೇತ.” ಅಜ್ಜಿ ಕಣ್ಣು ಒರೆಸಿಕೊಳ್ಳಲಿಲ್ಲ. “ನೀನು ಕೇಳು ಇವತ್ತು. ನಿಮ್ಮನೇಲಿ ಯಾರಾದ್ರೂ ಹೋಗಿದ್ರೆ ಬರ್ತಾರೆ.”

ಅದು ಬೆಲ್ಟು ಜಾರುವುದು, ಬಿಕ್ಕಳಿಕೆಯಲ್ಲ ಎಂದು ಅವಳು ಹೇಳಲಿಲ್ಲ. ಪಟ್ಟಿ ಹೊಲಿದು, ಎರಡು ಸಲ ಜಗ್ಗಿ ನೋಡಿ ಕೊಟ್ಟಳು. ಅಜ್ಜಿ ಅಂಗಳದ ಕಡೆಗೆ ನಡೆದಳು, ಮುಂದೆ ಜಾಗ ಹಿಡಿಯಲಿಕ್ಕೆ.

ಅಕ್ಕ ಹೋಗಲಿಲ್ಲ. ದಾರದ ಉಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸತೊಡಗಿದಳು.

“ಅಕ್ಕ, ಅವು ಜೋಡಿಸೇ ಇವೆ.”

“ಗೊತ್ತು.” ಇನ್ನೆರಡು ಉಂಡೆ ಸರಿಸಿದಳು. “ನಿಂಗೆ ಏನು ಹೇಳಿದ? ಯಾವಾಗ ಗೊತ್ತಾಯ್ತು ಅಂದ?”

“ಹೋದ ವಾರ.”

ಅಕ್ಕ ಉಂಡೆ ಕೆಳಗಿಟ್ಟಳು. “ನಾನು ಅವನ ಬೆನ್ನಿಗೆ ಹುಟ್ಟಲಿಲ್ಲ, ಮುಂಚೆ ಹುಟ್ಟಿದೆ. ಅದಕ್ಕೇ ಇದೆಲ್ಲ ನನ್ನ ತಲೆಗೇ ಬರತ್ತೆ. ಕೊಳಲಿನವನು ನಾಲ್ಕು ತಿಂಗಳ ಹಿಂದೇನೇ ಬಂದ. ಕಾಲಲ್ಲಿ ರಕ್ತ, ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ. ನಾವು ಊಟಕ್ಕೆ ಕೂತಿದ್ವಿ. ಬದುಕಿದಾಳೆ ಅಂದ. ನಾನು ತಟ್ಟೆ ಬಿಟ್ಟು ಎದ್ದೆ. ಇವನು ಏಳಲಿಲ್ಲ.”

ಮಶೀನಿನ ಚಕ್ರ ತಾನಾಗಿಯೇ ಅರ್ಧ ಸುತ್ತು ಹಿಂದಕ್ಕೆ ಹೋಗಿ ನಿಂತಿತು.

“ಏಳಲಿಲ್ಲ ಅಂದ್ರೆ?”

“ಊಟ ಮುಗಿಸಿದ. ಆಮೇಲೆ, ಇದನ್ನ ಯಾರಿಗೂ ಹೇಳಬೇಡಿ ಅಂದ.”

ಹೊರಗೆ ದೋಣಿಗೆ ಮೊಳೆ ಹೊಡೆಯುವ ಸದ್ದು, ಒಂದೇ ಸಮ. ಅವಳು ಸೂಜಿಯಿಂದ ದಾರ ತೆಗೆದಳು, ಮತ್ತೆ ಪೋಣಿಸಿದಳು.

“ನೀವಾದ್ರೂ ಹೇಳಿ ಕಳಿಸಬಹುದಿತ್ತು ಅಕ್ಕ.”

“ಹೌದು,” ಎಂದಳು ಅಕ್ಕ. “ನಾನೂ ಅವನ ಜೊತೆ ಡೋಲು ಬಾರಿಸಿದೆ, ನಾಲ್ಕು ತಿಂಗಳು. ಸದ್ದು ಅಡಗಲಿ ಅಂತ ಕೈಗೆ ಬಟ್ಟೆ ಸುತ್ತಿಕೊಂಡು, ಸಾವಿನ ತಾಳ. ನಂಗೆ ನೀನು ಬಯ್ಯಬೇಕು ಅಂತಲೇ ಕೂತಿದೀನಿ.”

ಅವಳು ಬಯ್ಯಲಿಲ್ಲ. ಬಯ್ಯುವುದನ್ನು ಉಳಿಸಿಕೊಂಡಳು.

ಶೆಡ್ಡಿನ ಹಿಂದೆ, ಕಟ್ಟಿಗೆಯ ಹೊಟ್ಟಿನ ರಾಶಿಯ ಹತ್ತಿರ, ಅವನು ಬಿಲ್ಲಿಗೆ ರಾಳ ತಿಕ್ಕುತ್ತಿದ್ದ. ಅವಳನ್ನು ಕಂಡು ಮುಖ ಅರಳಿತು. ಅವಳ ಮುಖ ಕಂಡು ಮುದುಡಿತು.

“ಅಕ್ಕ ಹೇಳಿದ್ಲು,” ಎಂದ.

“ನೀನು ಹೇಳು. ಊಟಕ್ಕೆ ಏನಿತ್ತು ಆವತ್ತು?”

“ಹಾಗೆಲ್ಲ ಮಾತಾಡಬೇಡ.”

“ತಿಳ್ಕೊಳ್ಳೋಣ ಅಂತ. ಬಿಟ್ಟು ಏಳೋಕಾಗದಷ್ಟು ರುಚಿಯಾಗಿದ್ದದ್ದು ಏನು ಅಂತ.”

ಅವನು ರಾಳದ ತುಂಡನ್ನು ಜೇಬಿಗೆ ಹಾಕಿ ಮತ್ತೆ ತೆಗೆದ. “ಕೇಳು. ಆ ಜ್ವರ ಆದಮೇಲೆ ಊರುಗಳು ಹೇಗಿದ್ವು ನಿಂಗೆ ಗೊತ್ತಿಲ್ಲ. ಮನೆಗೊಂದು, ಎರಡು. ಯಾರಿಗೂ ಅಳೋಕೆ ಬಾಯಿ ಬರ್ತಿರಲಿಲ್ಲ. ಇದನ್ನ ನುಡಿಸಿದ್ರೆ ಬರ್ತಿತ್ತು. ಒಂದೂರಿನವರು ಇನ್ನೊಂದೂರಿಗೆ ಹೇಳಿ ಕಳಿಸೋರು. ಮುದುಕಿಯರು ನನ್ನ ಕೈ ಹಿಡ್ಕೊಂಡು ಬಿಡ್ತಿರಲಿಲ್ಲ. ಅಂಥವರ ಎದುರಿಗೆ ನಿಂತು, ಇದು ಸತ್ತವಳದಲ್ಲ, ಅವಳು ಆರಾಮಾಗಿ ಟಾರ್ಪಾಲು ಹೊಲೀತಿದಾಳೆ ಅಂತ ಹೇಗೆ ಹೇಳಲಿ?”

“ಅವರಿಗೆ ಹೇಳೋದು ಬೇಡ. ನಂಗೆ ಹೇಳಬಹುದಿತ್ತಲ್ಲ. ರಾತ್ರೋರಾತ್ರಿ ಬಂದು, ಇದ್ದೀನಿ ಅಂತ ಮುಖ ತೋರಿಸಿ ಹೋಗಬಹುದಿತ್ತು.”

“ಬಂದಿದ್ರೆ ಮತ್ತೆ ಹಾಗೆ ನುಡಿಸೋಕೆ ಆಗ್ತಿರಲಿಲ್ಲ.”

ಅವನು ಅದನ್ನು ಸುಳ್ಳಿಲ್ಲದೆ ಹೇಳಿದ. ಆ ದಿನ ಅವನಾಡಿದ ಮೊದಲ ನೇರ ಮಾತು ಅದು. ಅವಳಿಗೆ ಒಂದು ಗಳಿಗೆ ಅವನ ಮೇಲೆ ಗೌರವ ಬಂತು. ಅದೇ ಇನ್ನೂ ಕಹಿಯಾಗಿತ್ತು.

“ವರ್ಷ ತುಂಬಲಿ ಅಂತ ಕಾದೆ,” ಎಂದ. “ತುಂಬಿದ ಮೇಲೆ ಹೆಸರು ಹೇಳಲೇಬೇಕು. ಆಗ ಯಾರಿಗೂ ಮೋಸ ಆಗಲ್ಲ. ಹೋದ ವಾರ ತುಂಬಿತು. ಮರುದಿನವೇ ಹೊರಟೆ. ಇದು ಸುಳ್ಳಲ್ಲ.”

“ನಾನು ಬದುಕಿದೀನಿ ಅಂತ ಗೊತ್ತಿದ್ದೂ ನನ್ನ ವರ್ಷ ಪೂರ್ತಿ ಮಾಡ್ಕೊಂಡು ಬಂದಿದೀಯ.”

“ಹಾಗೆ ಹೇಳಿದ್ರೆ ಹಾಗೆ.”

“ಬೇರೆ ಹೇಗೆ ಹೇಳಲಿ? ನೀನೇ ಹೇಳಿಕೊಡು. ಮಾತು ನಿಂಗೆ ಚೆನ್ನಾಗಿ ಬರತ್ತೆ.”

ಹೊಳೆಯ ಕಡೆಯಿಂದ ಗಾಳಿ ಬಂದು ಕಟ್ಟಿಗೆಯ ಹೊಟ್ಟನ್ನು ಅವರಿಬ್ಬರ ಪಾದದ ಮೇಲೆ ಸುರಿಯಿತು. ಅವನ ಕಣ್ಣಲ್ಲಿ ನೀರಿತ್ತು. ಹಿಂದೆ ಅದನ್ನು ನೋಡಿದ್ದರೆ ಅವಳ ಜೀವ ಬಾಯಿಗೆ ಬರುತ್ತಿತ್ತು. ಈಗ ಈ ನೀರು ಯಾವ ಯಾವ ಊರಿನ ಎದುರು ಹೀಗೇ ನಿಂತಿತ್ತೋ ಎಂಬ ಪ್ರಶ್ನೆ ಅವಳನ್ನು ಬಿಡಲಿಲ್ಲ.

“ನಿನ್ನ ಕಂಡರೆ ಪ್ರಾಣ ನಂಗೆ,” ಎಂದ ಮೆಲ್ಲಗೆ. “ಅದು ಸುಳ್ಳು ಅನ್ನಬೇಡ.”

“ಸುಳ್ಳು ಅನ್ನಲ್ಲ. ಸತ್ತ ಮೇಲೆ ಜಾಸ್ತಿ ಆಯ್ತು ಅಂತೀನಿ.”

ಅಂಗಳದಿಂದ ಅಕ್ಕ ಡೋಲಿನ ಮೇಲೆ ಎರಡು ಪೆಟ್ಟು ಹಾಕಿ ಕರೆದಳು. ಅವನು ಹೋದ.

ಬಿಸಿಲು ಇನ್ನೂ ಇಳಿದಿರಲಿಲ್ಲ. ಅರ್ಧ ಕಟ್ಟಿದ ದೋಣಿಯ ಪಕ್ಕೆಲುಬುಗಳ ನೆರಳು ನೆಲದ ಮೇಲೆ ಪಟ್ಟೆ ಪಟ್ಟೆಯಾಗಿ ಬಿದ್ದಿತ್ತು, ಜನ ಆ ಪಟ್ಟೆಗಳಲ್ಲಿ ಕೂತಿದ್ದರು. ದಂಡೆಯವರೆಲ್ಲ ಬಂದಿದ್ದರು. ಇವಳು ಬದುಕಿರುವುದು ಅವರಿಗೆ ಹೊಸ ಸುದ್ದಿಯಲ್ಲ. ಇವಳನ್ನು ಸಾಯಿಸಿದವನು ಬಂದಿದ್ದಾನೆ ಎಂಬುದೇ ಸುದ್ದಿ. ಕೆಲವರು ಅವಳ ಕಡೆ ನೋಡಿ ನಗುತ್ತಿದ್ದರು, ಮದುವೆ ಮನೆಯ ನಗು. ಎಲ್ಲರಿಗಿಂತ ಮುಂದೆ ಸುಣ್ಣದ ಗೂಡಿನ ಅಜ್ಜಿ, ಚೀಲ ಮಡಿಲಲ್ಲಿಟ್ಟುಕೊಂಡು. ಅಜ್ಜಿಗೆ ಮಾತ್ರ ಏನೂ ಗೊತ್ತಿರಲಿಲ್ಲ.

ಅವನು ಕುಂಬಾರನದು ನುಡಿಸಿದ, ಹೆಸರು ಹೇಳಿ. ಜೇನಿನವನ ಹೆಂಡತಿಯದು ನುಡಿಸಿದ, ಹೇಳಿ. ಕಾಲುಗಳು ಕುಣಿದವು. ಅವನ ಬಿಲ್ಲು ಹಿಂದಿಗಿಂತ ಚೆನ್ನಾಗಿ ಓಡುತ್ತಿತ್ತು. ಈ ಒಂದು ವರ್ಷ ಅವನ ಕೈಗೆ ಬಹಳ ಒಳ್ಳೆಯದು ಮಾಡಿದೆ, ಒಪ್ಪಲೇಬೇಕು.

ಆಮೇಲೆ ಅವನು ಬಿಲ್ಲನ್ನು ಇಳಿಸಿದ. ಜನ ತಾವಾಗಿ ಸುಮ್ಮನಾದರು. ಅಜ್ಜಿ ಕಣ್ಣು ಮುಚ್ಚಿಕೊಂಡಳು, ಎರಡೂ ಅಂಗೈಗಳನ್ನು ಮೇಲ್ಮುಖ ಮಾಡಿ ಚೀಲದ ಮೇಲೆ ಇಟ್ಟಳು, ಯಾರೋ ಬಂದು ಕೈ ಹಿಡಿಯುವವರಿದ್ದ ಹಾಗೆ.

“ಇದನ್ನ ಒಂದು ವರ್ಷ ಹೆಸರು ಹೇಳದೆ ನುಡಿಸಿದೆ,” ಎಂದ ಅವನು. ಧ್ವನಿ ನಡುಗಿತು, ನಿಜವಾಗಿಯೇ. “ಇವತ್ತು ಹೇಳಬೇಕು ಅಂತ ಬಂದಿದೀನಿ. ಕೊಟ್ಟವಳು ಸತ್ತಿಲ್ಲ. ಇಲ್ಲೇ ಇದಾಳೆ.”

ಅಜ್ಜಿಯ ಕಣ್ಣು ತೆರೆಯಿತು. ಅಂಗೈಗಳು ಇನ್ನೂ ಹಾಗೇ ಇದ್ದವು. ಅವನು ನೋಡಿದ ಕಡೆಗೆ ಅವಳೂ ಕತ್ತು ತಿರುಗಿಸಿದಳು, ಚೀಲ ಹೊಲಿದುಕೊಟ್ಟವಳನ್ನು ನೋಡಿದಳು. ಅಜ್ಜಿಯ ಮುಖದಲ್ಲಿ ಸಿಟ್ಟಿರಲಿಲ್ಲ. ಬಾಗಿಲಲ್ಲಿ ನಿಂತ ತನ್ನ ಮುದುಕನಿಗೆ ಯಾರೋ ‘ಮನೆ ತಪ್ಪಿ ಬಂದಿದ್ದೀಯ’ ಎಂದು ಹೇಳಿ ಕಳಿಸುವುದನ್ನು ನೋಡುತ್ತಿರುವಂತಿತ್ತು.

ಪಿಟೀಲಿನವನು ಕೈ ಚಾಚಿದ. ಎಡಗೈ, ಬೆರಳ ತುದಿಗಳು ಗಟ್ಟಿಯಾದದ್ದು. “ಬಾ. ನನ್ನ ಪಕ್ಕ ನಿಂತ್ಕೋ. ಇವತ್ತಿಂದ ಎಲ್ಲಾ ಊರಲ್ಲೂ ನಿನ್ನದು ಅಂತ ಹೇಳೇ ನುಡಿಸ್ತೀನಿ, ನೀನು ನನ್ನ ಪಕ್ಕದಲ್ಲೇ ಇರ್ತೀಯ. ನಾಳೆ ಹೊರಡೋಣ. ನೀನು ಹ್ಞೂಂ ಅಂದ್ರೆ ಸಾಕು.”

ದಂಡೆಯವರೆಲ್ಲ ಅವಳತ್ತ ತಿರುಗಿದರು. ಯಾರೋ ಅವಳ ಬೆನ್ನನ್ನು ಮೆಲ್ಲಗೆ ಮುಂದಕ್ಕೆ ನೂಕಿದರು. ಅವಳು ಅಲುಗಲಿಲ್ಲ.

“ಬರಲ್ಲ,” ಎಂದಳು. “ಹೆಸರೂ ಹೇಳಬೇಡ. ಆ ಹಾಡು ಈಗ ನಂದಲ್ಲ, ಆ ಅಜ್ಜಿಯಂಥವರದು. ನೀನೂ ನನ್ನವನಲ್ಲ.”